ಎರಡನೇ ಟರ್ಬೊ ಬಿಚ್ಚದೆ ಲೆಗಸಿಯ ಕಣಿವೆ ದಾಟಿದ್ದು

ಆಕ್ಲೆಂಡಿನಿಂದ ದಕ್ಷಿಣಕ್ಕೆ ಹೊರಟು ಡ್ರೂರಿ ದಾಟಿದರೆ ಬಾಂಬೆ ಗುಡ್ಡದ ಏರು. ನಮ್ಮ ಮುಂಬಯಿಗೂ ಅದಕ್ಕೂ ನೇರ ಸಂಬಂಧವಿಲ್ಲ, ವಲಸಿಗರನ್ನು ಹೊತ್ತು ತಂದ ಹಡಗಿನ ಹೆಸರು ಅದು. ನನ್ನ ಸುಬಾರು ಲೆಗಸಿ ಕಾರಿಗೆ ಮಾತ್ರ ಆ ಏರು ಎರಡು ವರ್ಷ ಪರೀಕ್ಷೆಯ ಕೊಠಡಿಯಾಗಿತ್ತು. ಮೂರನೇ ಗೇರಿನಲ್ಲಿ ಲಾರಿ ಹಿಂದಿಕ್ಕಲು ಕಾಲೊತ್ತಿದರೆ ನಾಲ್ಕು ಸಾವಿರ ಆರ್‌ಪಿಎಂವರೆಗೆ ಚೆನ್ನಾಗಿ ಎಳೆಯುತ್ತಿತ್ತು. ಗಂಟೆಗೆ ಎಂಬತ್ತೈದು ಕಿ.ಮೀ. ಮುಟ್ಟುವ ಹೊತ್ತಿಗೆ, ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಹಿಡಿದ ಹಾಗೆ ಗಾಡಿ ಸೊರಗಿಬಿಡುತ್ತಿತ್ತು. ಟರ್ಬೊ ತಳ್ಳುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಗೇಜಿನ ಮುಳ್ಳು ಹದಿಮೂರು ಪಿಎಸ್‌ಐನಿಂದ ಐದಾರಕ್ಕೆ ಇಳಿದು, ಸುಮಾರು ಎರಡು ಸೆಕೆಂಡು ಅಲ್ಲೇ ಕೂತು, ಆಮೇಲೆ ಏರುತ್ತಿತ್ತು.

ಬಿಎಚ್5 ಜಿಟಿ-ಬಿ, ಅಂದರೆ ಎರಡು ಟರ್ಬೊ ಇರುವ ಈ ಲೆಗಸಿ ಇಟ್ಟುಕೊಂಡವರಿಗೆ, ಮೊದಲ ಟರ್ಬೊಗೆ ಎರಡನೆಯದು ಜೊತೆಗೂಡುವ ಹೊತ್ತಿನ ಈ ‘ಸಾವಿನ ಕಣಿವೆ’ಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಎರಡನೇ ಟರ್ಬೊ ಕಿತ್ತು ಹಾಕು, ಒಂದೇ ದೊಡ್ಡ ಟರ್ಬೊ ಕೂರಿಸು. ವಿಚಾರಿಸಿದಾಗ ಐದೂವರೆ ಸಾವಿರ ಡಾಲರ್ ಅಂದರು. ಟ್ಯೂನಿಂಗ್ ಖರ್ಚು ಬೇರೆ, ಮಾರ್ಪಾಡಿನ ಪ್ರಮಾಣಪತ್ರ, ವಿಮೆಯವರ ಪ್ರಶ್ನೆಗಳು ಬೇರೆ. ನಾನು ಗಾಡಿ ಕೊಂಡಿದ್ದೇ ನಾಲ್ಕೂವರೆ ಸಾವಿರಕ್ಕೆ. 2001ರ ಮಾದರಿ, ಮ್ಯಾನುಯಲ್ ಗೇರ್, ಕಾರ್ಖಾನೆಯ ಲೆಕ್ಕದಲ್ಲಿ 280 ಪಿಎಸ್ (ಅಶ್ವಶಕ್ತಿ). ಬಾಗಿಲ ಚೌಕಟ್ಟಿನಲ್ಲಿ ಜಪಾನೀ ಭಾಷೆಯ ಆಯಿಲ್ ಚೀಟಿ ಇನ್ನೂ ಇತ್ತು. ರೇಡಿಯೊ 90 ಮೆಗಾಹರ್ಟ್ಸ್‌ಗಿಂತ ಮೇಲೆ ಏನನ್ನೂ ಹಿಡಿಯುತ್ತಿರಲಿಲ್ಲ. ಅಷ್ಟು ಮುಟ್ಟದೆ ಉಳಿದಿದ್ದ ಗಾಡಿಯ ಹೊಟ್ಟೆ ಬಗೆಯಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳುತ್ತೇನೆ. ಒಂದು ಗ್ಯಾರೇಜಿನವರು ಅರ್ಧ ದಿನ ಸ್ಕ್ಯಾನರ್ ಹಚ್ಚಿ ನೂರೆಂಬತ್ತು ಡಾಲರ್ ತೆಗೆದುಕೊಂಡು, ಎರಡನೇ ಟರ್ಬೊ ಹೋಗಿದೆ, ಸಾವಿರದ ಎಂಟುನೂರು ಆಗುತ್ತದೆ ಅಂದರು. ಆ ಟರ್ಬೊದ ಶಾಫ್ಟನ್ನು ನಾನೇ ಕೈಯಲ್ಲಿ ಅಲುಗಾಡಿಸಿ ನೋಡಿದ್ದೆ, ಏನೂ ಆಗಿರಲಿಲ್ಲ. ಅಲ್ಲಿಂದ ವಾಪಸು ಬಂದೆ. ಅಗ್ಗದ ಆಕ್ಸಿಜನ್ ಸೆನ್ಸರ್ ಹಾಕಿದೆ, ತೊಂಬತ್ತು ಡಾಲರ್ ದಂಡ. ಕೈಯಿಂದ ತಿರುಗಿಸುವ ಬೂಸ್ಟ್ ಕಂಟ್ರೋಲರ್ ಕೂರಿಸಿದೆ. ಕಣಿವೆ ಹಾಗೇ ಉಳಿಯಿತು, ಅದರ ಆಚೆ ದಡದಲ್ಲಿ ಬೂಸ್ಟ್ ಮಿತಿಮೀರಿ, ಕಂಪ್ಯೂಟರೇ ಪೆಟ್ರೋಲ್ ನಿಲ್ಲಿಸುವ ಫ್ಯುಯಲ್ ಕಟ್ ಶುರುವಾಯಿತು. ಒಂದೇ ವಾರದಲ್ಲಿ ಅದನ್ನು ಬಿಚ್ಚಿದೆ. ಕೊನೆಗೆ ಗುಜರಿ ಅಂಗಳದಿಂದ, ಟರ್ಬೊಗಳನ್ನು ಹತೋಟಿಯಲ್ಲಿಡುವ ಸೊಲೆನಾಯ್ಡುಗಳ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸಣ್ಣ ವಾಲ್ವುಗಳ) ಕರಿ ಪೆಟ್ಟಿಗೆಯನ್ನೇ ಇನ್ನೂರೈವತ್ತಕ್ಕೆ ತಂದು ಅದಲುಬದಲು ಮಾಡಿದೆ. ಅದೇ ರೋಗ. ಅಲ್ಲಿಗೆ ಆರುನೂರರ ಹತ್ತಿರ ಹೋಗಿತ್ತು.

ದಾರಿ ತೋರಿಸಿದ್ದು ಹಳೆಯ ನೆನಪು. ಮೈಸೂರಿನಲ್ಲಿ ನಮ್ಮ ಬೀದಿಯ ಸೈಕಲ್ ಶಾಪಿನವರು ಟ್ಯೂಬಿಗೆ ಗಾಳಿ ತುಂಬಿ ಬೋಗುಣಿಯ ನೀರಿನಲ್ಲಿ ಅಂಗುಲ ಅಂಗುಲವಾಗಿ ಮುಳುಗಿಸುತ್ತಿದ್ದರು. ಇಂಥ ಕಡೆ ತೂತಿದೆ ಎಂದು ಅವರು ಎಂದೂ ಊಹಿಸುತ್ತಿರಲಿಲ್ಲ, ಗುಳ್ಳೆ ಬರುವವರೆಗೆ ಕಾಯುತ್ತಿದ್ದರು. ನಾನು ಅದೇ ಮಾಡಿದೆ. ಟರ್ಬೊ ಬಾಯಿಗೆ ಪಿವಿಸಿ ಮುಚ್ಚಳ ಕಟ್ಟಿ, ಹತ್ತು ಪಿಎಸ್‌ಐ ಗಾಳಿ ಬಿಟ್ಟು, ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದೆ. ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರಿನಲ್ಲಿ ಒಂದು ಸೋರಿಕೆ ಸಿಕ್ಕಿತು, ಸರಿಪಡಿಸಿದೆ. ಅದರಿಂದ ಸಿಕ್ಕ ಲಾಭ ಸಣ್ಣದು.

ಆಗ ಹೊಳೆದ ಸಂಗತಿ ಇದು: ತಣ್ಣಗಿದ್ದಾಗ ನನ್ನ ಗಾಡಿಯೂ ಅಷ್ಟೇನೂ ಸೊರಗುತ್ತಿರಲಿಲ್ಲ. ಬೆಳಗ್ಗೆ ಮೊದಲ ಹತ್ತು ನಿಮಿಷ ಕಣಿವೆ ಆಳವಿರುತ್ತಿರಲಿಲ್ಲ. ಎಲ್ಲರೂ ತಣ್ಣನೆಯ ಎಂಜಿನ್ನನ್ನು ಪರೀಕ್ಷಿಸುತ್ತಾರೆ, ಕೈ ಸುಡಬಾರದಲ್ಲ! ಆದರೆ ರೋಗ ಬಿಸಿಯಲ್ಲಿದೆ.

ಬಿಸಿ ಎಂಜಿನ್ನಿನ ಮೇಲೆ ಸೋಪಿನ ನೀರು ನಿಲ್ಲುವುದಿಲ್ಲ, ಹೊಗೆ ಬೇಕು. ಖಾಲಿ ಪೇಂಟ್ ಡಬ್ಬಿಗೆ ಎರಡು ಕೊಳವೆ ಜೋಡಿಸಿ, ಒಳಗೆ ಹದಿನೈದಿಪ್ಪತ್ತು ಅಗರಬತ್ತಿ ಹೊತ್ತಿಸಿಟ್ಟು, ಕಾಲಿನ ಪಂಪಿನಿಂದ ಮೆಲ್ಲಗೆ ಗಾಳಿ ಊದಿದೆ. ಡಬ್ಬಿಯನ್ನು ಗಾಡಿಯಿಂದ ದೂರವೇ ಇಡಬೇಕು, ಪೆಟ್ರೋಲಿನ ಹತ್ತಿರ ಕೆಂಡ ಸಲ್ಲದು. ಹೆಂಡತಿ ಟಾರ್ಚ್ ಹಿಡಿದಿದ್ದಳು. “ಇಲ್ಲಿ ನೋಡಿ” ಎಂದು ಅವಳೇ ಮೊದಲು ತೋರಿಸಿದಳು. ಕಪ್ಪು ವ್ಯಾಕ್ಯೂಮ್ ಕೊಳವೆಯೊಂದರ ತುದಿಯಲ್ಲಿ, ನೂಲಿನಷ್ಟು ತೆಳ್ಳಗೆ, ನೆಟ್ಟಗೆ ಹೊಗೆ ಏಳುತ್ತಿತ್ತು. ಆ ಕೊಳವೆಯನ್ನು ತಣ್ಣಗಿದ್ದಾಗ ನಾನು ಮೂರು ಸಲ ಎಳೆದು ನೋಡಿ ಬಿಗಿಯಾಗಿದೆ ಎಂದು ಬಿಟ್ಟಿದ್ದೆ. ಅಂಥವು ಏಳು ಸಿಕ್ಕವು. ಎಲ್ಲ ಕೊಳವೆಗಳನ್ನೂ ಸಿಲಿಕೋನಿಗೆ ಬದಲಿಸಿದೆ. ಸುಮಾರು ಹದಿನೈದು ಮೀಟರ್, ಬಹುಪಾಲು ನಾಲ್ಕು ಮಿಲಿಮೀಟರಿನದು, ನೂರಿಪ್ಪತ್ತು ಡಾಲರ್. ಒಂದೊಂದೇ ಬಿಚ್ಚಿ ಒಂದೊಂದೇ ಹಾಕಿ, ಎಲ್ಲ ಒಟ್ಟಿಗೆ ಕಿತ್ತವರ ಪಾಡು ಕಂಡಿದ್ದೇನೆ. ಹಿಂದಿನ ಮಾಲೀಕರೊಬ್ಬರು ಒಮ್ಮುಖ ವಾಲ್ವ್ ಒಂದನ್ನು ತಿರುಗಾಮುರುಗಾ ಕೂರಿಸಿದ್ದೂ ಆಗಲೇ ಕಂಡಿತು.

ಇನ್ನುಳಿದದ್ದು ಸೊಲೆನಾಯ್ಡುಗಳು. ಎರಡೂ ಪೆಟ್ಟಿಗೆ ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹನ್ನೆರಡು ವೋಲ್ಟ್ ಕೊಟ್ಟರೆ ಎಲ್ಲವೂ ಟಕ್ಕೆಂದವು. ಕೈಪಂಪಿನಿಂದ ವ್ಯಾಕ್ಯೂಮ್ ಎಳೆದರೆ ಎಲ್ಲವೂ ಹಿಡಿದವು. ಆಮೇಲೆ ಹೇರ್ ಡ್ರೈಯರಿನಿಂದ ಒಂದೊಂದನ್ನೂ ಐದು ನಿಮಿಷ ಕಾಯಿಸಿ ಮತ್ತೆ ಎಳೆದೆ. ಗಾಡಿಯ ಪೆಟ್ಟಿಗೆಯ ಎರಡು, ಗುಜರಿಯ ಪೆಟ್ಟಿಗೆಯ ಮೂರು ಕೈಬಿಟ್ಟವು. ಗೇಜಿನ ಮುಳ್ಳು ನಿಧಾನವಾಗಿ ಸೊನ್ನೆಗೆ ಜಾರುವುದನ್ನು ನೋಡುತ್ತಾ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಎರಡೂ ಪೆಟ್ಟಿಗೆಗಳಲ್ಲಿ ಕೆಟ್ಟದ್ದರಲ್ಲಿ ಒಂದು ರಿಲೀಫ್ ವಾಲ್ವಿನದು. ಅದು ಬೇಗ ಮುಚ್ಚದಿದ್ದರೆ ಎರಡನೇ ಟರ್ಬೊ ತಿರುಗಿ ತಳ್ಳಿದ ಗಾಳಿಯೆಲ್ಲ ಎಂಜಿನ್ನಿಗೆ ಹೋಗದೆ ಹೊರದಾರಿ ಹಿಡಿಯುತ್ತದೆ, ಕಣಿವೆ ಅಗಲವಾಗುತ್ತದೆ. ಪೆಟ್ಟಿಗೆ ಬದಲಿಸಿದರೂ ರೋಗ ಹೋಗದ ಕಾರಣ ಅಂದು ಗೊತ್ತಾಯಿತು. ಎರಡರಲ್ಲಿ ಗಟ್ಟಿಯಾದವನ್ನು ಆರಿಸಿ, ರಿಲೀಫ್ ವಾಲ್ವಿಗೆ ಒಂದು ಹೊಸದನ್ನು ತರಿಸಿ, ಒಂದು ಪೆಟ್ಟಿಗೆ ಕಟ್ಟಿದೆ.

ಗಾಳಿಯ ಹರಿವು ತಗ್ಗಿಸಲು ಒಂದು ಕೊಳವೆಯೊಳಗೆ ಸಣ್ಣ ತೂತಿನ ಹಿತ್ತಾಳೆ ಗುಂಡು ಕೂರಿಸಿದ್ದೇನೆ. ಯಾವ ಕೊಳವೆ, ಎಷ್ಟು ತೂತು ಎಂದು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ಶನಿವಾರ ಹೋಗಿವೆ.

ಈಗ ಮುಳ್ಳು ಹದಿಮೂರರಿಂದ ಒಂಬತ್ತೂವರೆಗೆ ಇಳಿದು, ಅರ್ಧ ಸೆಕೆಂಡಿನಲ್ಲಿ ಮೇಲೇರುತ್ತದೆ. ಕಣಿವೆ ಪೂರ್ತಿ ಹೋಗಿಲ್ಲ, ಕಾರ್ಖಾನೆಯಿಂದ ಬಂದಾಗಲೂ ಇದ್ದೇ ಇತ್ತು. ಎರಡನೇ ಗೇರಿನಲ್ಲಿ ಮೂರು ಸಾವಿರದಿಂದ ಆರೂವರೆ ಸಾವಿರ ಆರ್‌ಪಿಎಂಗೆ ಮೊದಲು ಆರು ಸೆಕೆಂಡಿನ ಹತ್ತಿರ ಬೇಕಿತ್ತು, ಈಗ ನಾಲ್ಕೂಕಾಲು. ಆ ಗೇರು ನೂರು ಕಿ.ಮೀ. ಒಳಗೇ ಮುಗಿಯುವುದರಿಂದ ರಸ್ತೆಯ ಕಾನೂನಿಗೂ ಭಂಗವಿಲ್ಲ. ಮೆರೆಮೆರೆ ಡ್ರ್ಯಾಗ್ ಪಟ್ಟಿಯಲ್ಲಿ ಕಾಲು ಮೈಲಿ 15.3ರಿಂದ 14.5ಕ್ಕೆ ಬಂತು. ಒಂದೇ ಟರ್ಬೊ ಕೂರಿಸಿಕೊಂಡಿದ್ದ ಗೆಳೆಯನೊಬ್ಬ ನನ್ನ ಪಕ್ಕದಲ್ಲಿ ಕೂತು ಬಾಂಬೆ ಏರನ್ನು ಎರಡು ಸಲ ಹತ್ತಿಸಿ ನೋಡಿದ. ಕೆಳಗಿನ ಆರ್‌ಪಿಎಂನಲ್ಲಿ ನಿನ್ನದೇ ಮೇಲು ಎಂದು ಅವನ ಬಾಯಿಂದಲೇ ಬಂತು.

ಪೆಟ್ರೋಲಿನ ಪ್ರಯೋಗವೂ ನಡೆಯಿತು. ಜಪಾನಿನ 100 ಆಕ್ಟೇನಿಗೆ ಹೊಂದಿಸಿದ ಕಂಪ್ಯೂಟರ್ ಇದು. ಇಲ್ಲಿನ 95 ಹಾಕಿದರೆ ಅದೇ ಓಟಕ್ಕೆ ಅರ್ಧ ಸೆಕೆಂಡು ಹೆಚ್ಚು. 98ಕ್ಕೆ ಲೀಟರಿಗೆ ಹತ್ತಿಪ್ಪತ್ತು ಸೆಂಟ್ ಜಾಸ್ತಿ ಕೊಡುತ್ತೇನೆ, ಬೇಸರವಿಲ್ಲ. ಇಂಟರ್‌ಕೂಲರಿನ ಮೇಲೆ ನೀರು ಚಿಮ್ಮಿಸುವ ಏರ್ಪಾಟು ಮಾಡಿ ಎರಡು ವಾರ ಓಡಿಸಿದೆ. ಬೇಸಿಗೆಯಲ್ಲಿ ಚೂರು ಅನುಕೂಲ, ಬಾನೆಟ್ ಒಳಗೆಲ್ಲ ಸುಣ್ಣದ ಕಲೆ. ಬಿಚ್ಚಿಟ್ಟೆ.

ಒಟ್ಟು ಖರ್ಚು ಸಾವಿರದ ಒಂದುನೂರು, ಅರ್ಧಕ್ಕಿಂತ ಹೆಚ್ಚು ದಂಡವಾಗಿ ಹೋದದ್ದು. ಬಿಸಿಯಲ್ಲೂ ಹಿಡಿಯುವ ಎರಡು ಸೊಲೆನಾಯ್ಡು ಉಳಿದಿವೆ. ಹೆಸರು ಬರೆದು ಡಬ್ಬಿಯಲ್ಲಿಟ್ಟಿದ್ದೇನೆ, ಮಾರುವುದಿಲ್ಲ.