ಪರೇಲಿನ ಆಸ್ಪತ್ರೆಗೆ ಬಂದವರ ಜೊತೆ ನಿಲ್ಲುವ ಕೆಲಸ: ನಮ್ಮ ಸಭೆಯ ಅನುಭವ

ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬರುವವರು ವರ್ಷವಿಡೀ ಇರುತ್ತಾರೆ. ಅವರಿಗಾಗಿ ಇಲ್ಲಿನ ನಮ್ಮ ಸಣ್ಣ ಕನ್ನಡ ಕ್ರೈಸ್ತ ಸಭೆ ಮಾಡುವ ಕೆಲಸದ ವಿವರ ಇದು. ಇಂಥದ್ದನ್ನು ಶುರು ಮಾಡಬೇಕೆಂದಿರುವ ಬೇರೆ ಸಭೆಯವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಬೈಬಲಿನ ಲೂಕ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಸಮಾರ್ಯದವನು (ಸಮಾರ್ಯ ನಾಡಿನ ದಾರಿಹೋಕ), ಕಳ್ಳರ ಏಟಿಗೆ ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಆ ಮನುಷ್ಯನನ್ನು ಛತ್ರಕ್ಕೆ ಕರೆದೊಯ್ಯುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ಹೆಚ್ಚಿಗೆ ಖರ್ಚಾದರೆ ತಿರುಗಿ ಬಂದಾಗ ತೀರಿಸುತ್ತೇನೆ ಅನ್ನುತ್ತಾನೆ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ದುಡಿಮೆ. ನಮ್ಮ ಮೊದಲ ನಿಯಮ ಬಂದದ್ದು ಆ 'ತಿರುಗಿ ಬಂದಾಗ' ಎಂಬ ಮಾತಿನಿಂದ. ಒಂದು ಕುಟುಂಬಕ್ಕೆ ಸಭೆಯ ಒಬ್ಬರೇ ಹೊಣೆ, ಚಿಕಿತ್ಸೆ ಮುಗಿಯುವ ತನಕ. ವಾರಕ್ಕೊಬ್ಬರು ಹೋದರೆ ಒಬ್ಬ ತಾಯಿ ತನ್ನ ಮಗುವಿನ ಕಾಯಿಲೆಯನ್ನು ಆರು ಜನರ ಮುಂದೆ ಹೇಳಿಕೊಳ್ಳಬೇಕಾಗುತ್ತದೆ, ಮುಂದಿನ ತಾರೀಖು ಯಾರಿಗೂ ನೆನಪಿರುವುದಿಲ್ಲ.

ಕೆಲಸ ಅವರು ಊರಲ್ಲಿ ರೈಲು ಹತ್ತುವ ಮುಂಚೆಯೇ ಶುರು. ಫೋನಿನಲ್ಲಿ ಮೊದಲು ಕೇಳುವುದು ಬಯಾಪ್ಸಿಯ (ರೋಗ ಪತ್ತೆಗೆಂದು ಮೈಯಿಂದ ತೆಗೆದ ತುಣುಕಿನ) ಬ್ಲಾಕ್ ಮತ್ತು ಸ್ಲೈಡ್ (ಆ ತುಣುಕಿನ ತೆಳು ಪದರ ಅಂಟಿಸಿದ ಗಾಜು) ತರುತ್ತಿದ್ದೀರಾ ಅಂತ. ರಿಪೋರ್ಟಿನ ಕಾಗದ ಒಂದೇ ಸಾಲದು. ಇಲ್ಲಿನ ಪೆಥಾಲಜಿಯವರು (ತುಣುಕು ಪರೀಕ್ಷಿಸುವ ವಿಭಾಗದವರು) ಆ ತುಣುಕನ್ನು ತಾವೇ ಮತ್ತೆ ನೋಡುತ್ತಾರೆ. ಬ್ಲಾಕ್ ಅಂದರೆ ಹೆಬ್ಬೆರಳ ತುದಿಯಷ್ಟು ಮೇಣ, ಒಳಗೆ ಬೂದು ಬಣ್ಣದ ಚೂರು ಮಾಂಸ, ಬೆನ್ನಿಗೆ ಸಣ್ಣ ಪ್ಲಾಸ್ಟಿಕ್ ಚೌಕಟ್ಟು. ಮೊದಲು ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಕೇಳಿ, ಸಹಿ ಮಾಡಿ ಪಡೆಯಬೇಕು. ಬಿಸಿಲಿಗೆ ಮೇಣ ಕರಗುತ್ತದೆ, ಆದ್ದರಿಂದ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ತರಲು ಹೇಳುತ್ತೇವೆ. ಇದನ್ನು ಮರೆತು ಬಂದರೆ ಒಬ್ಬರು ಊರಿಗೆ ವಾಪಸು ಹೋಗಬೇಕು ಇಲ್ಲವೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕು. ಅಷ್ಟು ದಿನ ರೋಗಿ ಫುಟ್‌ಪಾತಿನಲ್ಲಿ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡಿನ ಮೂಲ ಪ್ರತಿಯ ಜೊತೆ ಐದೈದು ಝೆರಾಕ್ಸ್ ಇರಲಿ.

ಆಸ್ಪತ್ರೆಯಲ್ಲಿ ಹೆಸರು ಬರೆಸಿ ಫೈಲ್ ಮಾಡಿಸುವಾಗ ಜನರಲ್ (ಕಡಿಮೆ ಖರ್ಚಿನ) ವರ್ಗವೋ ಪ್ರೈವೇಟೋ ಎಂದು ಕೇಳುತ್ತಾರೆ. ಬೇಗ ಆಗಲಿ ಎಂಬ ಆತುರಕ್ಕೆ ಪ್ರೈವೇಟ್ ಅಂದುಬಿಟ್ಟರೆ ಮುಂದೆ ಪ್ರತಿ ಪರೀಕ್ಷೆಗೂ ಖರ್ಚು ಏರುತ್ತದೆ. ಹಾಗಾಗಿ ಮೊದಲ ದಿನ ಕೌಂಟರಿನಲ್ಲಿ ನಮ್ಮವರು ಪಕ್ಕದಲ್ಲೇ ನಿಂತಿರುತ್ತಾರೆ. ಅಲ್ಲಿಂದ ನೇರ ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಧನಸಹಾಯದ ದಾರಿ ತಿಳಿದಿರುವುದು ಆ ವಿಭಾಗದವರಿಗೆ.

ಭಾನುವಾರ ನಾವು ಕೊಡುವುದು ಗಂಜಿ. ಒಂದು ಕಿಲೋ ಅಕ್ಕಿ, ಕಾಲು ಕಿಲೋ ಹೆಸರುಬೇಳೆ, ಎಂಟು ಲೀಟರ್ ನೀರು, ಉಪ್ಪು, ಕಡೆಗೆ ಎರಡು ಚಮಚ ತುಪ್ಪ. ಸುಮಾರು ಇಪ್ಪತ್ತೈದು ಬಟ್ಟಲಾಗುತ್ತದೆ. ಕೀಮೋ, ರೇಡಿಯೇಷನ್‌ನಿಂದ ಬಾಯಿ ಹುಣ್ಣಾದವರಿಗೆ ಖಾರ, ಹುಳಿ, ಉಪ್ಪಿನಕಾಯಿ ಉರಿ. ಅವರಿಗೆ ಗಂಜಿ ಉಗುರುಬೆಚ್ಚಗೆ ಆದ ಮೇಲೆ ಕೊಡಬೇಕು. ಡಬ್ಬದಲ್ಲಿ ಮಾತ್ರ ಕೊನೆಯವರೆಗೂ ಹಬೆಯಾಡುತ್ತಿರಬೇಕು. ಅನ್ನದಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಆರಿ ತಾಸುಗಟ್ಟಲೆ ಇದ್ದರೆ ಬೆಳೆಯುತ್ತವೆ. ಬಿಳಿ ರಕ್ತಕಣ ಕಡಿಮೆಯಾಗಿ ರೋಗ ತಡೆಯುವ ಶಕ್ತಿ ಕುಗ್ಗಿದವರಿಗೆ ವಾಂತಿಭೇದಿ ಜೀವಕ್ಕೇ ಬರಬಹುದು. ಎರಡು ತಾಸು ಮೀರಿದ್ದನ್ನು ಚೆಲ್ಲುತ್ತೇವೆ, ಮನಸ್ಸಿಗೆ ಕಷ್ಟವಾದರೂ. ಕೋಸಂಬರಿ, ಹೆಚ್ಚಿದ ಹಣ್ಣು ಬೇಡ. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು ಆಗಬಹುದು. ಜೊತೆಗೆ ಬಂದವರಿಗೆ ಚಪಾತಿ-ಪಲ್ಯ ಬೇರೆ ಕಟ್ಟುತ್ತೇವೆ, ಇಲ್ಲದಿದ್ದರೆ ಅವರು ರೋಗಿಗೆಂದು ತಮ್ಮ ಪಾಲನ್ನೂ ಎತ್ತಿಡುತ್ತಾರೆ.

ಊಟದ ಜೊತೆ ಕರಪತ್ರ ಕೊಡುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸು ಹೇಳಿದ್ದು ಇಂಥ ಜಾಗಕ್ಕೇ ಎಂದು ನನ್ನ ನಂಬಿಕೆ. ಪ್ರಾರ್ಥನೆ ಅವರಾಗಿ ಕೇಳಿದರೆ ಮಾತ್ರ. ಹೊಸಬರಿಗೆ ನಾವು ಕಲಿಸುವುದು ಒಂದೇ ಪ್ರಶ್ನೆ: "ಯಕ್ಕಾ, ಇವತ್ತ ಏನ್ ಬೇಕಾಗ್ಯಾದ ಹೇಳ್ರಿ." ಉತ್ತರ ಎಷ್ಟೋ ಸಲ 'ಊಟ' ಎಂದಿರುವುದಿಲ್ಲ. ಸ್ನಾನಕ್ಕೆ ಜಾಗ, ಫೋನಿಗೆ ಚಾರ್ಜು, ಡಾಕ್ಟರು ಹಿಂದಿಯಲ್ಲಿ ಹೇಳಿದ್ದರ ಅರ್ಥ.

ದೊಡ್ಡ ಮೊತ್ತವನ್ನು ಔಷಧಿ ಅಂಗಡಿಗೆ, ಧರ್ಮಶಾಲೆಗೆ ನೇರ ಕಟ್ಟುತ್ತೇವೆ, ಫೈಲ್ ನಂಬರ್ ನೋಡಿ, ಇಬ್ಬರ ಸಹಿ ಹಾಕಿ. ಸಮಾರ್ಯದವನೂ ದುಡ್ಡು ಕೊಟ್ಟದ್ದು ಛತ್ರದವನ ಕೈಗೇ. ಹಾಲು, ಬಸ್ಸಿನ ಚಿಲ್ಲರೆಯನ್ನು ಮಾತ್ರ ಅವರ ಕೈಗೇ ಕೊಟ್ಟು ಲೆಕ್ಕ ಕೇಳುವುದಿಲ್ಲ.

ರಕ್ತ ಕೊಡುವ ಯುವಜನರ ಪಟ್ಟಿ ಇದೆ, ಗುಂಪು ಮತ್ತು ಹಿಂದಿನ ಸಲ ಕೊಟ್ಟ ತಾರೀಖಿನ ಸಮೇತ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಬೇಕು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ತೆಗೆದ ಮೇಲೆ ಐದು ದಿನಕ್ಕಿಂತ ಹೆಚ್ಚು ಇರುವುದಿಲ್ಲ, ಆದ್ದರಿಂದ ಎಲ್ಲರನ್ನೂ ಒಂದೇ ದಿನ ಕಳಿಸಬಾರದು. ಉಪವಾಸ ಪ್ರಾರ್ಥನೆಯ ದಿನ ಯಾರನ್ನೂ ಕಳಿಸುವುದಿಲ್ಲ. ಹಸಿದ ಹೊಟ್ಟೆಯವರು ತಲೆಸುತ್ತಿ ಬೀಳುತ್ತಾರೆ.

ಊರಿಗೆ ಹೊರಡುವ ಮುಂಚೆ ಆಸ್ಪತ್ರೆಯಿಂದ ರೈಲ್ವೆ ರಿಯಾಯಿತಿಯ ಪತ್ರ ಬರೆಸಿಕೊಳ್ಳಬೇಕು. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಾರರಿಗೆ 75 ಶೇಕಡಾ. ಇದು ಗೊತ್ತಿಲ್ಲದೆ ಪೂರ್ತಿ ದುಡ್ಡು ಕೊಟ್ಟು ಹೋಗುವವರಿದ್ದಾರೆ, ದುಡ್ಡಿಲ್ಲದೆ ಮುಂದಿನ ತಾರೀಖಿಗೆ ಬರುವುದನ್ನೇ ಬಿಡುವವರೂ ಇದ್ದಾರೆ. ಹೊಣೆ ಹೊತ್ತವರು ಆ ತಾರೀಖನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಹದಿನೈದು ದಿನ ಮುಂಚೆ ಊರಿಗೆ ಫೋನ್ ಮಾಡುತ್ತಾರೆ.