ಟೇಪ್ ಅಂಟದ ಮುಖ

ಜನರಲ್ ಐಸಿಯುನಲ್ಲಿ ಆರು ವರ್ಷ ದುಡಿದು, ಸುಟ್ಟಗಾಯದವರನ್ನು ನೋಡಿಕೊಳ್ಳುವ ಬರ್ನ್ಸ್ ಯೂನಿಟ್‌ಗೆ ಬಂದಿದ್ದೆ. ಉಸಿರಾಟದ ಟ್ಯೂಬ್ ನೋಡಿಕೊಳ್ಳುವುದು ನನಗೆ ಗೊತ್ತಿರುವ ಕೆಲಸ ಅಂದುಕೊಂಡಿದ್ದೆ. ಮೊದಲ ವಾರದಲ್ಲೇ ಆ ಜಂಬ ಇಳಿಯಿತು.

ಮುಚ್ಚಿದ ಕೋಣೆಯ ಬೆಂಕಿಯಲ್ಲಿ ಸಿಕ್ಕಿಕೊಂಡವರೊಬ್ಬರು ಬಂದರು. ಮೈ ಸುಟ್ಟಿದ್ದು ಕಡಿಮೆ, ಎದ್ದು ಕೂತು ಮಾತಾಡುತ್ತಿದ್ದರು. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 99. ಬರೆದುಕೊಂಡು ಪಕ್ಕದ ಬೆಡ್‌ಗೆ ಹೊರಟೆ. ಸೀನಿಯರ್ ಸಿಸ್ಟರ್ ತಡೆದರು. "ಮೂಗಿನೊಳಗೆ ನೋಡಿದ್ಯಾ?"

ಟಾರ್ಚ್ ಬಿಟ್ಟು ನೋಡಿದೆ. ಮೂಗಿನ ಕೂದಲು ಸುರುಟಿತ್ತು, ಗಂಟಲಲ್ಲಿ ಮಸಿ. ಮತ್ತೆ ಹೆಸರು ಕೇಳಿದೆ. ಬಂದಾಗ ಸರಿಯಾಗಿದ್ದ ದನಿ ಈಗ ಒಡೆದಿತ್ತು. ಅಂದರೆ ಉಸಿರಿನ ದಾರಿಯೂ ಬೆಂದು ಊದುತ್ತಿರಬಹುದು. ಇನ್ನು 99 ಎಂಬ ಆ ಸಂಖ್ಯೆಯ ಕಥೆ: ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡ್ ಒಳಹೋಗಿದ್ದರೆ ಬೆರಳಿನ ಪ್ರೋಬ್ ಅದನ್ನೂ ಆಕ್ಸಿಜನ್ ಅಂತಲೇ ಎಣಿಸುತ್ತದೆ. ಬರೀ ಗಾಳಿಯಲ್ಲಿ ರಕ್ತದಲ್ಲಿನ ಆ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು, 100% ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ. ಅದಕ್ಕೇ ಸ್ಯಾಚುರೇಷನ್ ಚೆನ್ನಾಗಿದೆ ಅಂತ ಯಾರೂ ಮಾಸ್ಕ್ ತೆಗೆಯುವಂತಿಲ್ಲ.

ತಡಮಾಡದೆ ಟ್ಯೂಬ್ ಹಾಕಿದರು. ಬೆಳಗಾಗುವ ಹೊತ್ತಿಗೆ ಮುಖ ಗುರುತು ಸಿಗದಷ್ಟು ಊದಿತ್ತು. ಇಂಥ ಊತ ಒಂದೂವರೆ ದಿನದವರೆಗೂ ಏರುವುದುಂಟು. ಆ ಹೊತ್ತಿನಲ್ಲಿ ಟ್ಯೂಬ್ ಜಾರಿದರೆ ಮತ್ತೆ ಹಾಕಲು ದಾರಿಯೇ ಕಾಣುವುದಿಲ್ಲ. ಹಾಕುವುದು ಡಾಕ್ಟರ್ ಕೆಲಸ ಇರಬಹುದು, ಉಳಿಸಿಕೊಳ್ಳುವುದು ನಮ್ಮದು.

ಉಳಿಸಿಕೊಳ್ಳೋದು ಹೇಗೆ? ಸುಟ್ಟ, ನೀರೊಸರುವ, ಮುಲಾಮು ಹಚ್ಚಿದ ಕೆನ್ನೆಗೆ ಟೇಪ್ ಅಂಟುವುದೇ ಇಲ್ಲ. ಹತ್ತಿ ಬಟ್ಟೆಯ ಲಾಡಿಯಿಂದ ಕಟ್ಟಬೇಕು. ಟ್ಯೂಬ್‌ಗೆ ಒಂದು ಬಿಗಿ ಗಂಟು, ಆಮೇಲೆ ತಲೆ ಸುತ್ತ. ಕಿವಿಯ ಮೇಲೆ ಹಾದು ಹೋಗುವಲ್ಲಿ ಗಾಜ್ ಬಟ್ಟೆ ಮಡಚಿ ಇಡಬೇಕು. ಸುಟ್ಟ ಕಿವಿ ಒತ್ತಡ ತಡೆಯುವುದಿಲ್ಲ, ಒಳಗಿನ ಮೃದ್ವಸ್ಥಿ ಹಾಳಾಗುತ್ತದೆ. ಲಾಡಿಯ ಕೆಳಗೆ ಒಂದು ಬೆರಳು ಆಡಬೇಕು. ಊತ ಏರುವಾಗ ಅದೇ ಲಾಡಿ ಬಾಯಿಯ ಮೂಲೆಯನ್ನು ಕೊಯ್ಯುತ್ತದೆ, ಇಳಿಯುವಾಗ ಸಡಿಲವಾಗಿ ಟ್ಯೂಬ್ ಓಡಾಡುತ್ತದೆ. ಹಾಗಾಗಿ ಪ್ರತಿ ಗಂಟೆ ಬೆರಳು ತೂರಿಸಿ ನೋಡುತ್ತೇನೆ. ಟ್ಯೂಬ್ ಮೇಲಿನ ಗುರುತು ಹಲ್ಲಿನ ಬಳಿ ಎಷ್ಟು ಸೆಂಟಿಮೀಟರ್ ಅಂತ ಓದುತ್ತೇನೆ. ತುಟಿಯ ಗುರುತು ನಂಬಬೇಡಿ, ತುಟಿಯೇ ಊದಿರುತ್ತದಲ್ವಾ! ಬಿಚ್ಚಿ ಕಟ್ಟುವಾಗ ಇಬ್ಬರು ಬೇಕೇ ಬೇಕು. ಒಬ್ಬರ ಕೈ ಟ್ಯೂಬ್ ಬಿಟ್ಟು ಕದಲಬಾರದು.

ಕಫ್ ಅಂದರೆ ಶ್ವಾಸನಾಳದೊಳಗೆ ಟ್ಯೂಬ್ ಸುತ್ತ ಉಬ್ಬುವ ಪುಟ್ಟ ಬಲೂನು. ಅದರ ಪ್ರೆಷರ್ 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದಷ್ಟಿರಬೇಕು. ಹೊಸಬರಿಗೆ ಕಫ್ ಬೇರೆ, ಕಫ ಬೇರೆ ಅಂತ ತಮಾಷೆ ಮಾಡುತ್ತೇನೆ. ಆದರೆ ನನ್ನ ದೊಡ್ಡ ತಪ್ಪು ಆದದ್ದು ಕಫದ ವಿಷಯದಲ್ಲೇ.

ಬೇರೊಬ್ಬ ರೋಗಿ, ಮೂರನೇ ರಾತ್ರಿ. ವೆಂಟಿಲೇಟರ್ ಹೈ ಪ್ರೆಷರ್ ಅಲಾರಂ ಹೊಡೆಯಿತು. ಕೆಮ್ಮಿರಬೇಕು ಅಂತ ಸುಮ್ನೆ ಆಫ್ ಮಾಡಿದೆ. ಮತ್ತೆ ಹೊಡೆಯಿತು. ಕಫ ಎಳೆಯುವ ಸಕ್ಷನ್ ಕ್ಯಾಥೆಟರ್ ಹಾಕಿದರೆ ಅರ್ಧದಲ್ಲೇ ನಿಂತಿತು. ಡ್ಯೂಟಿ ಡಾಕ್ಟರನ್ನು ಕೂಗಿ, 100% ಆಕ್ಸಿಜನ್‌ನಲ್ಲಿ ಕೈಯಿಂದ ಉಸಿರು ಕೊಡುವ ಬ್ಯಾಗ್ ಒತ್ತಿದೆ. ಕಲ್ಲಿನಂತೆ ಗಟ್ಟಿ. ಶ್ವಾಸನಾಳದೊಳಗೆ ನೋಡುವ ಬ್ರಾಂಕೋಸ್ಕೋಪ್ ಹಾಕಿ, ಕಟ್ಟಿಕೊಂಡಿದ್ದನ್ನು ತೆಗೆದರು. ಕಿರುಬೆರಳುದ್ದ, ಕಪ್ಪು, ನಾಳದ ಆಕಾರದಲ್ಲೇ ಅಚ್ಚು ಕಟ್ಟಿದ ಕಫ. ಹೊಗೆಗೆ ಬೆಂದ ಒಳಪದರ ಸುಲಿದು, ಮಸಿಯ ಜೊತೆ ಸೇರಿ ಹೀಗಾಗುತ್ತದೆ. ಆಮೇಲೆ ಕಣ್ಣಿಗೆ ಬಿತ್ತು: ಉಸಿರಿನ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್‌ನಲ್ಲಿ ನೀರೇ ಇರಲಿಲ್ಲ. ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ತಗೊಂಡವಳು ನಾನೇ, ನೋಡಿರಲಿಲ್ಲ. ಡಾಕ್ಟರಿಗೆ ಹೇಳಿ, ಹಾಗೆಯೇ ರಿಪೋರ್ಟ್ ಬರೆದೆ.

ಈಗ ಹೊಸ ನರ್ಸ್‌ಗಳಿಗೆ ಕಲಿಸುವ ಕೆಲಸ ನನ್ನದು. ಬರವಣಿಗೆ ಪರೀಕ್ಷೆಯಲ್ಲಿ ಎಲ್ಲರೂ ಜಾಸ್ತಿ ಅಂಕ ತೆಗೆಯುತ್ತಾರೆ. ನಾನೂ ತೆಗೆದಿದ್ದೆ. ಅದಕ್ಕೇ ಬೊಂಬೆಯ ಮುಖಕ್ಕೆ ಧಾರಾಳವಾಗಿ ಮುಲಾಮು ಬಳಿದು, ಕೆನ್ನೆಗೆ ಹತ್ತಿ ಪ್ಯಾಡ್ ಇಟ್ಟು, ಟ್ಯೂಬ್ ಕಟ್ಟಲು ಹೇಳುತ್ತೇನೆ. ಕಟ್ಟಿ ಮುಗಿಸಿದ ಮೇಲೆ ಮೆಲ್ಲಗೆ ಪ್ಯಾಡ್ ಎಳೆದುಬಿಡುತ್ತೇನೆ, ಊತ ಇಳಿದ ಹಾಗೆ. ಕಳೆದ ಬ್ಯಾಚ್‌ನ ಹುಡುಗಿಯೊಬ್ಬಳು ನಾನು ಹೇಳುವ ಮೊದಲೇ ಲಾಡಿಯ ಕೆಳಗೆ ಬೆರಳು ಹಾಕಿ, "ಸಿಸ್ಟರ್, ಸಡಿಲ ಆಯ್ತು. ಟ್ಯೂಬ್ ಹಿಡ್ಕೊಳ್ಳಿ, ಮತ್ತೆ ಕಟ್ತೀನಿ" ಎಂದಳು. ಹಿಡಿದುಕೊಂಡೆ.