ಬಡಗಿ ಕೆಲಸದ ಹಳೇ ಫಿಲಂ: ಹುಡುಕೋದು ಹೆಂಗೆ, ಕೂಡಿಡೋದು ಹೆಂಗೆ

ಮೊದಲು ಹುಡುಕೋ ಪದ ಸರಿ ಮಾಡ್ಕೊಳ್ರಿ. ಯೂಟ್ಯೂಬಲ್ಲಿ ‘ವುಡ್‌ವರ್ಕಿಂಗ್’ ಅಂತ ಹೊಡೆದ್ರೆ ಬರೋದೆಲ್ಲ ಹೊಸ ಮಷೀನು, ಗಾಜಿನಂಗೆ ಹೊಳೆಯೋ ಟೇಬಲ್ಲು. ನಮ್ಮ ದಾವಣಗೆರೆ ಕಡೆ ಹಳ್ಳೀಲಿ ಗಾಡಿ ಮಾಡೋರು ಯಾರು, ಕೂರಿಗೆ ಮಾಡೋರು ಯಾರು ಅಂತ ತಾನೇ ಕೇಳೋದು, ಅಲ್ಲೂ ಹಂಗೇ ಕೆಲಸದವನ ಹೆಸರು ಹಾಕಿ ಹುಡುಕ್ರಿ. ಇಂಗ್ಲಿಷಲ್ಲಿ ಗಾಲಿ ಮಾಡೋನು ವೀಲ್‌ರೈಟ್, ಪೀಪಾಯಿ ಮಾಡೋನು ಕೂಪರ್, ಕಾಡಲ್ಲೇ ಕೂತು ಕುರ್ಚಿ ಕಾಲು ಕಡೆಯೋನು ಬಾಡ್ಜರ್. ಗಾಲಿಯವನೇ ಜರ್ಮನಲ್ಲಿ ಷ್ಟೆಲ್‌ಮಾಖರ್. ಸ್ಪೆಲಿಂಗ್‌ನ ಟ್ರಾನ್ಸ್‌ಲೇಟ್ ಆ್ಯಪಿಂದ ತಗೊಂಡು ಪೇಸ್ಟ್ ಮಾಡಿದ್ರೆ ಸಾಕು, ಬೇರೆ ಲೋಕಾನೇ ತೆರ್ಕೊಳ್ಳುತ್ತೆ.

ಎಲ್ಲಿ ಹುಡುಕೋದು? ಹಿಂದೆ ಟಾಕೀಸಲ್ಲಿ ಪಿಚ್ಚರ್‌ಗೆ ಮುಂಚೆ ಒಂದು ಡಾಕ್ಯುಮೆಂಟ್ರಿ ಹಾಕ್ತಿದ್ರಲ್ಲ, ನಾವು ಮಂಡಕ್ಕಿ ತಿಂತಾ ಬೈಕೊಂಡು ನೋಡ್ತಿದ್ವಿ, ಅದನ್ನ ತೆಗೀತಿದ್ದದ್ದು 1948ರಲ್ಲಿ ಶುರುವಾದ ಸರ್ಕಾರದ ಫಿಲಂಸ್ ಡಿವಿಷನ್ನು. ಕರಕುಶಲದ ಮೇಲೂ ತೆಗೆದಿದ್ದಾರೆ. 2022ರಲ್ಲಿ ಅದನ್ನ ಎನ್‌ಎಫ್‌ಡಿಸಿಗೆ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಸೇರಿಸಿದ್ರು, ಹಾಗಾಗಿ ಎರಡೂ ಹೆಸರಲ್ಲಿ ಹುಡುಕಿ. ಹೊರಗಿನದಕ್ಕೆ ಇಂಟರ್ನೆಟ್ ಆರ್ಕೈವ್ ಅನ್ನೋ ವೆಬ್‌ಸೈಟಲ್ಲಿ ಹಳೇ ಅಮೆರಿಕನ್ ಫಿಲಂಗಳ ಪ್ರೆಲಿಂಗರ್ ಸಂಗ್ರಹ ಇದೆ, ಡೌನ್‌ಲೋಡೂ ಮಾಡ್ಕೋಬಹುದು. ಬ್ರಿಟಿಷ್ ಪಾಥೆ ಅನ್ನೋ ಹಳೇ ಸುದ್ದಿಚಿತ್ರ ಕಂಪನಿ 2014ರಲ್ಲಿ 85,000 ಫಿಲಂ ಯೂಟ್ಯೂಬಿಗೆ ಹಾಕ್ತು, ಆದ್ರೆ ಬಹಳಷ್ಟು ಚುಟುಕು ಸುದ್ದಿಚಿತ್ರ, ಕೆಲಸ ಕಾಣೋ ಹೊತ್ತಿಗೆ ಮುಗಿದೇ ಹೋಗುತ್ತೆ. ನನ್ನ ಕೇಳಿದ್ರೆ ಎಲ್ಲಕ್ಕಿಂತ ಒಳ್ಳೇದು ಜರ್ಮನಿಯ ಗಟಿಂಗೆನ್ನಲ್ಲಿ 1952ರಿಂದ ಕೂಡಿಹಾಕಿದ ವೈಜ್ಞಾನಿಕ ಚಿತ್ರಗಳ ಸಂಗ್ರಹ, ಈಗ ಹ್ಯಾನೋವರಿನ ಟಿಐಬಿ ಲೈಬ್ರರಿ ನೋಡ್ಕೊಳ್ತಿದೆ. ಎಷ್ಟೋ ಮೂಕಿ ಚಿತ್ರಗಳು, ಮಾತಿನ ಗಲಾಟೆ ಇಲ್ಲ, ಕಣ್ಣೆಲ್ಲ ಕೆಲಸದವನ ಕೈ ಮೇಲೆ.

ಗಾಲಿ ಮಾಡೋ ಅಂಥದ್ದೊಂದು ಮೂಕಿನ ಹೊಳಲ್ಕೆರೆ ಕಡೆ ಒಬ್ಬ ಬಡಗಿ ಅಜ್ಜಾರಿಗೆ ಮೊಬೈಲಲ್ಲಿ ತೋರಿಸ್ದೆ. ಕಬ್ಬಿಣದ ಪಟ್ಟಿ ಕಾಯ್ಸಿ ಗಾಲಿ ಮೇಲೆ ಕೂರ್ಸಿ ನೀರು ಹೊಯ್ಯೋದು ಬಂತು, ಪಟ್ಟಿ ತಣ್ಣಗಾಗ್ತಾ ಬಿಗಿದು ಮರದ ಜೋಡಣೆಯೆಲ್ಲ ಕಚ್ಕೊಳ್ಳುತ್ತೆ. ‘ನಿಲ್ಸು ತಮ್ಮಾ, ಹಿಂದಕ್ ಹಾಕು’ ಅಂದ್ರು. ‘ಸುತ್ತ ಬ್ಯಾಗ ಬ್ಯಾಗ ಹೊಯ್ತಾನ್ ನೋಡು, ತಡ ಮಾಡಿದ್ರೆ ಮರಾನೇ ಸುಟ್ಟೋಕ್ಕತಿ.’ ನಾನು ಅದನ್ನ ಹತ್ತು ಸಲ ನೋಡಿದ್ದೆ, ಗೊತ್ತೇ ಆಗಿರ್ಲಿಲ್ಲ. ಅವತ್ತಿಂದ ಹಿರಿಯರ ಮಾತನ್ನ, ಅವರ ಒಪ್ಪಿಗೆ ಕೇಳಿಯೇ, ಫೋನಲ್ಲಿ ರೆಕಾರ್ಡ್ ಮಾಡಿ ಫಿಲಂ ಜೊತೆ ಅದೇ ಫೋಲ್ಡರಿಗೆ ಹಾಕ್ತೀನಿ, ನೀವೂ ಹಾಕಿ.

ರೀಲು ಬೇಕು ಅನ್ನೋರು ಗುಜರಿ ಅಂಗಡಿ, ಪ್ರೊಜೆಕ್ಟರ್ ಇದ್ದ ಹಳೇ ಸ್ಕೂಲು ಕಾಲೇಜು ವಿಚಾರಿಸಿ. ಸಿಕ್ಕರೆ ಹೆಚ್ಚಾಗಿ 16 ಎಂಎಂ, 400 ಅಡಿ ರೀಲು ಅಂದ್ರೆ ಸುಮಾರು 11 ನಿಮಿಷ. ಡಬ್ಬಿ ತೆಗೆದ ತಕ್ಷಣ ಮೂಸಿ ನೋಡಿ, ವಿನೆಗರ್ ವಾಸನೆ ಹೊಡೆದ್ರೆ ಒಳಗೆ ಅಸಿಟೇಟ್, ಅಂದ್ರೆ ಫಿಲಂ ಪಟ್ಟಿಯ ಪ್ಲಾಸ್ಟಿಕ್ಕು, ಕೊಳೀತಿದೆ ಅಂತ, ಬೇರೆ ರೀಲಿನ ಜೊತೆ ಇಡಬೇಡಿ, ಅವಕ್ಕೂ ಹತ್ತುತ್ತೆ. ನಾನು ಒಂದನ್ನ ಶೀಟ್ ಮನೆ ಅಟ್ಟದಲ್ಲಿಟ್ಟು ಒಂದೇ ಬ್ಯಾಸಿಗೇಲಿ ಹಾಳು ಮಾಡ್ಕೊಂಡೆ. ಆಸೆಗೆ ಪ್ರೊಜೆಕ್ಟರಿಗೂ ಹಾಕಬೇಡಿ, ರೀಲು ಕುಗ್ಗಿದ್ರೆ ತೂತು ಹಲ್ಲಿಗೆ ಕೂರದೆ ಪರ್ ಅಂತ ಹರಿಯುತ್ತೆ, ಕಿಟಕಿ ಬೆಳಕಿಗೆ ಹಿಡಿದು ಭೂತಗನ್ನಡೀಲಿ ನೋಡಿದ್ರೆ ಸಾಕು. 1950ಕ್ಕೆ ಮುಂಚಿನ 35 ಎಂಎಂ ಆಗಿದ್ರೆ ನೈಟ್ರೇಟ್, ಅಂದ್ರೆ ಬೇಗ ಬೆಂಕಿ ಹತ್ತೋ ಹಳೇ ಥರದ ಫಿಲಂ, ಇರಬಹುದು, ಬೆಂಕಿ ಹತ್ತಿದ್ರೆ ನೀರಿಗೂ ಆರಲ್ಲ, ಮನೇಲಿ ಬೇಡವೇ ಬೇಡ, ಪುಣೆಯ ರಾಷ್ಟ್ರೀಯ ಫಿಲಂ ಆರ್ಕೈವಿಗೆ ಬರೀರಿ.

ಕಾಪಿರೈಟು? ನಮ್ಮ ಕಾನೂನಲ್ಲಿ ಸಿನಿಮಾಕ್ಕೆ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ, ಅಂದ್ರೆ 1960ರದ್ದು 2021ಕ್ಕೆ ಕಾಪಿರೈಟಿಂದ ಮುಕ್ತ ಆಯ್ತು. ಹೊಸದಾದ್ರೆ ಲಿಂಕ್ ಮಾತ್ರ ಇಟ್ಕೊಳ್ಳಿ.

ಫೈಲಿಗೆ ವರ್ಷ, ಕೆಲಸ, ಊರು, ಎಲ್ಲಿ ಸಿಕ್ತು ಅಂತ ಹೆಸರಿಡಿ, ಎರಡು ಹಾರ್ಡ್‌ಡಿಸ್ಕಲ್ಲಿ ಕಾಪಿ ಇರಲಿ. ಅಜ್ಜಾರು ಈಗ ಕೂರಿಗೆ ಮಾಡೋದು ತಾ ಅಂತ ಕೂತಿದಾರೆ, ಯಾರಿಗಾದ್ರೂ ಸಿಕ್ಕಿದ್ರೆ ಹೇಳ್ರಿ.